ತಪ್ಪಿ ಕೇಳಿದವರು ಯಾರು?

ನಮ್ಮ ರಟ್ಟೀಹಳ್ಳಿಯ ಕಡೆ ಜಾತ್ರೆಯಲ್ಲಿ ನಾನು ನೋಡಿದ ಎಷ್ಟೋ ನಾಟಕಗಳಲ್ಲಿ ಒಂದು ದೃಶ್ಯ ತಪ್ಪುತ್ತಿರಲಿಲ್ಲ. ಹಳ್ಳಿ ಹೆಂಗಸೊಬ್ಬಳು ಇಂಗ್ಲಿಷ್ ಮಾತನ್ನು ಏನೋ ಕೇಳಿ ಏನೋ ಆಡುತ್ತಾಳೆ, ಜನ ಸಿಳ್ಳೆ ಹಾಕುತ್ತಾರೆ. ನಾನೂ ನಕ್ಕವಳೇ. ಆ ನಗು ನಿಂತದ್ದು ನಮ್ಮ ಸೋದರತ್ತೆಯಿಂದ.

ದವಾಖಾನೆಯಲ್ಲಿ ಆಕೆಗೆ ‘ನಾಳೆ ಫಾಸ್ಟಿಂಗ್ ಶುಗರ್ ಮಾಡಿಸ್ರಿ’ ಎಂದಿದ್ದರು. ಅತ್ತೆ ಬಲ್ಲದ್ದು ಫಾಸ್ಟ್ ಬಸ್ಸು. ನಸುಕಿನಲ್ಲೇ ಎದ್ದು, ಸ್ಟ್ಯಾಂಡಿನಲ್ಲಿ ಸಕ್ಕರೆ ಚಹಾ ಕುಡಿದು, ಎಲ್ಲರಿಗಿಂತ ಮೊದಲು ಹೋಗಿ ಕುಳಿತಳು. ಚಹಾದ ಸಂಗತಿ ತಿಳಿದಾಗ ಅಲ್ಲಿದ್ದವರು ನಕ್ಕರು. ‘ಫಾಸ್ಟ್ ಅಂದ್ರ ಲಗೂ ಬಾ ಅಂತ ಅಲ್ಲೇನವಾ?’ ಎಂದು ಆಕೆ ನನ್ನ ಮುಖ ನೋಡಿದಳು. ಒಂದು ದಿನದ ಕೂಲಿ ಹೋಯಿತು. ಮರುದಿನ ಆಕೆ ಹೋಗಲೇ ಇಲ್ಲ.

ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ವೇಗವೂ ಅರ್ಥ, ಉಪವಾಸವೂ ಅರ್ಥ. ಸೋಮವಾರ, ಶಿವರಾತ್ರಿ ಎಂದು ಜನ್ಮವಿಡೀ ಉಪವಾಸ ಮಾಡಿದವಳಿಗೆ ‘ಉಪವಾಸ’ ಎಂದು ಹೇಳುವವರು ಮಾತ್ರ ಇರಲಿಲ್ಲ.

ಕಿವಿ ತನಗೆ ಪರಿಚಯದ ಶಬ್ದವನ್ನೇ ಹುಡುಕುತ್ತದೆ. ಅಮೆರಿಕದ ಲೇಖಕಿ ಸಿಲ್ವಿಯಾ ರೈಟ್ ಚಿಕ್ಕವಳಿದ್ದಾಗ ತಾಯಿ ಓದಿದ ಲಾವಣಿಯಲ್ಲಿ, ಸತ್ತವನನ್ನು ಹುಲ್ಲಿನ ಮೇಲೆ ಮಲಗಿಸಿದರೆಂಬ ಮಾತನ್ನು ‘ಲೇಡಿ ಮಾಂಡಗ್ರೀನ್’ ಎಂಬ ಹೆಣ್ಣಿನ ಹೆಸರೆಂದು ಕೇಳಿದ್ದರು. 1954ರಲ್ಲಿ ಅದನ್ನು ಬರೆದರು. ತಪ್ಪಿ ಕೇಳುವುದಕ್ಕೆ ಇಂಗ್ಲಿಷಿನಲ್ಲಿ ಈಗ ‘ಮಾಂಡಗ್ರೀನ್’ ಎಂದೇ ಹೆಸರು. ಮೊಹರಮ್ಮಿನ ‘ಯಾ ಹಸನ್, ಯಾ ಹುಸೇನ್’ ಕೂಗನ್ನು ಬ್ರಿಟಿಷ್ ಸಿಪಾಯಿಗಳ ಬಾಯಿ ‘ಹಾಬ್ಸನ್ ಜಾಬ್ಸನ್’ ಮಾಡಿತು; 1886ರಲ್ಲಿ ಯೂಲ್ ಮತ್ತು ಬರ್ನೆಲ್ ಅದನ್ನೇ ತಮ್ಮ ಪ್ರಸಿದ್ಧ ನಿಘಂಟಿನ ಹೆಸರಾಗಿಸಿದರು. ನಮ್ಮ ಧಾರವಾಡ ಅವರಿಗೆ ‘ಧಾರ್ವಾರ್’ ಆಯಿತು, ಹುಬ್ಬಳ್ಳಿ ‘ಹುಬ್ಲಿ’ ಆಯಿತು. ಹುಬ್ಬಳ್ಳಿಯ ಇಂಗ್ಲಿಷ್ ಹೆಸರು ಸರ್ಕಾರಿ ಕಾಗದದಲ್ಲಿ ತಿದ್ದಿಕೊಂಡದ್ದು 2014ರಲ್ಲಿ. ಅವರು ತಪ್ಪಿದರೆ ನಿಘಂಟು, ನಕಾಶೆ. ನಮ್ಮತ್ತೆ ತಪ್ಪಿದರೆ ನಗೆನಾಟಕ!

ನಗಬಾರದೆಂದಲ್ಲ. ಕೈಲಾಸಂ ನಾಟಕಗಳಲ್ಲೂ ಇಂಗ್ಲಿಷ್ ಬೆರೆತ ಕನ್ನಡ ನಗಿಸುತ್ತದೆ. ಆದರೆ ಅಲ್ಲಿ ನಗೆಗೆ ಗುರಿಯಾಗುವವರು ಹೆಚ್ಚಾಗಿ ಇಂಗ್ಲಿಷ್ ಕಲಿತು ಬೀಗುವವರು. ನಮ್ಮ ಜಾತ್ರೆಯ ನಾಟಕಗಳು ಕಲಿಯಲು ಅವಕಾಶವೇ ಸಿಗದವಳನ್ನು ಹಿಡಿದು ನಿಲ್ಲಿಸುತ್ತವೆ. ಅವಳಿಗೆ ತಿಳಿಯದ ಭಾಷೆಯಲ್ಲಿ ಮಾತಾಡಿದವನು ಮಾತ್ರ ಪರದೆಯ ಹಿಂದೆ ಸುಖವಾಗಿರುತ್ತಾನೆ. ನನ್ನ ತಕರಾರು ಇಷ್ಟೇ.

ಆ ರಕ್ತಪರೀಕ್ಷೆಗೆ ಕಡಿಮೆಯೆಂದರೆ 8 ತಾಸು ನೀರಿನ ಹೊರತು ಏನೂ ಸೇವಿಸಬಾರದು. ಅದನ್ನು ಹೇಳಲು ‘ಬರೇ ಹೊಟ್ಟೀಲೆ ಬರ್ರಿ’ ಎಂಬ ಮೂರು ಮಾತು ಸಾಕಿತ್ತು. ನಿಮ್ಮ ಮನೆಯ ಹಿರಿಯರನ್ನು ದವಾಖಾನೆಗೆ ಕರೆದೊಯ್ದಾಗ ಆ ಮೂರು ಮಾತನ್ನು ನೀವಾದರೂ ಹೇಳಿ. ನಾನು ಅಂದು ಪಕ್ಕದಲ್ಲೇ ಇದ್ದೆ, ಹೇಳಲಿಲ್ಲ.