ಕಡಲ ದಡದ ಏಕಾಂತ

ಬಸವಕಲ್ಯಾಣದ ಕಡೆಯವನೊಬ್ಬ ಕೆರಿಬಿಯನ್ ಕಡಲಿನ ದಡದ ವಿಹಾರಧಾಮವೊಂದನ್ನು ವಿಮರ್ಶಿಸ ಹೊರಟರೆ ವಾಚಕರು ಹುಬ್ಬೇರಿಸುವುದು ಸಹಜವೇ. ಹುಮನಾಬಾದಿನವನಾದ ನನಗೆ ನೀರೆಂದರೆ ಕೆರೆ, ಬಾವಿ, ಮಳೆಗಾಲದಲ್ಲಿ ಮಾತ್ರ ಮೈದುಂಬುವ ಹಳ್ಳ. ಕಡಲನ್ನು ಕಾಣಲು ಹಗಲೆಲ್ಲ ಪ್ರಯಾಣ ಮಾಡಬೇಕು. ಆದರೂ ಈ ವಿಷಯವನ್ನು ಎತ್ತಿಕೊಂಡಿರುವುದು ವಿನೋದಕ್ಕಾಗಿ ಅಲ್ಲ.

ನಮ್ಮ ಕಡೆ ಈಗ ಕಟ್ಟುವ ಕಾಲ ಬಂದಿದೆ. ಬಸವಕಲ್ಯಾಣದಲ್ಲಿ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆ ಎದ್ದು ನಿಂತಿದೆ. 2021ರ ಜನವರಿ 6ರಂದು ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. 770 ಮಂದಿ ಶರಣರ ನೆನಪಿಗೆ 770 ಕಂಬಗಳು ಎಂಬುದು ಅದರ ಯೋಜನೆ. ಬೀದರ–ಕಲಬುರಗಿ ರೈಲುಮಾರ್ಗ 2017ರಲ್ಲಿ ಪೂರ್ತಿಯಾಗಿ ತೆರೆದ ಮೇಲೆ ಹುಮನಾಬಾದಿನ ದಾರಿಯೂ ಸುಲಭವಾಗಿದೆ. ನೋಡಲು ಬರುವ ಜನಕ್ಕೆ ತಂಗುವ ಮನೆ ಬೇಕು. ಅದನ್ನು ಕಟ್ಟುವವರ ಬಾಯಲ್ಲಿ ಇಂದು ಮೊದಲು ಬರುವ ಮಾತು ‘ರಿಸಾರ್ಟ್’. ಹೆದ್ದಾರಿಯ ಬದಿಗೆ ನಾಲ್ಕು ಗುಡಿಸಲು ಕಟ್ಟಿ, ನಡುವೆ ಈಜುಕೊಳ ತೋಡಿ, ಎತ್ತರದ ಕಾಂಪೌಂಡಿಗೆ ದೊಡ್ಡ ಗೇಟು ಇಟ್ಟರೆ ರಿಸಾರ್ಟ್ ಆಯಿತೆಂಬ ನಂಬಿಕೆ ಊರೂರಿಗೂ ಹಬ್ಬಿದೆ. ನಕಲನ್ನು ಬೈಯುವ ಮುಂಚೆ ಅಸಲನ್ನು ಒಮ್ಮೆ ನೋಡುವುದು ನ್ಯಾಯ. ಈ ಜಾತಿಯ ಕಟ್ಟಡಗಳಲ್ಲಿ ಉತ್ತಮವೆನಿಸಿಕೊಂಡದ್ದನ್ನೇ ಆರಿಸಿಕೊಂಡರೆ ಗುಣವೂ ದೋಷವೂ ಚೆನ್ನಾಗಿ ತಿಳಿಯುತ್ತವೆ.

ಆ ಕಟ್ಟಡ ಸೇಂಟ್ ಜಾನ್ ದ್ವೀಪದ ಕನೀಲ್ ಕೊಲ್ಲಿಯದು. ಕನೀಲ್ ಎಂದರೆ ಡಚ್ ಭಾಷೆಯಲ್ಲಿ ದಾಲ್ಚಿನ್ನಿ. ದ್ವೀಪದ ವಿಸ್ತಾರ ಸುಮಾರು 50 ಚದರ ಕಿಲೋಮೀಟರು. ಡೆನ್ಮಾರ್ಕಿನ ವಶದಲ್ಲಿದ್ದ ಇದನ್ನೂ ನೆರೆಯ ದ್ವೀಪಗಳನ್ನೂ ಅಮೆರಿಕ 1917ರಲ್ಲಿ ಎರಡೂವರೆ ಕೋಟಿ ಡಾಲರು ಕೊಟ್ಟು ಕೊಂಡಿತು. ಮುಂದೆ ಶ್ರೀಮಂತ ರಾಕ್‌ಫೆಲರ್ ಮನೆತನದ ಲಾರೆನ್ಸ್ ರಾಕ್‌ಫೆಲರ್ ಇಲ್ಲಿಗೆ ಬಂದು, ಮನಸೋತು, ಸಾವಿರಾರು ಎಕರೆ ಭೂಮಿಯನ್ನು ಕೊಂಡು, ಅದನ್ನು ರಾಷ್ಟ್ರೀಯ ಉದ್ಯಾನಕ್ಕೆಂದು ಸರಕಾರಕ್ಕೆ ದಾನವಾಗಿ ಕೊಟ್ಟ. ಕೊಲ್ಲಿಯ ದಡದಲ್ಲಿ ಮಾತ್ರ ತನ್ನ ಕಲ್ಪನೆಯ ವಿಹಾರಧಾಮವನ್ನು ಬೆಳೆಸಿದ. ಉದ್ಯಾನದ ಉದ್ಘಾಟನೆ ನಡೆದದ್ದು 1956ರ ಡಿಸೆಂಬರ್ 1ರಂದು. ಅದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ, ನವೆಂಬರ್ 1ರಂದು, ನಮ್ಮ ಬೀದರ ಕನ್ನಡ ರಾಜ್ಯವನ್ನು ಸೇರಿತ್ತು.

ನಾನು ಆ ದ್ವೀಪವನ್ನು ಕಂಡವನಲ್ಲ. ನಕ್ಷೆ, ಛಾಯಾಚಿತ್ರ, ಬರೆದಿಟ್ಟ ಇತಿಹಾಸ ಇವೇ ನನ್ನ ಆಧಾರ. ನಾಟಕವನ್ನು ರಂಗದ ಮೇಲೆ ನೋಡದೆ ಓದಿ ವಿಮರ್ಶಿಸುವವನ ಮಿತಿ ನನಗೂ ಇದೆ. ಅಳತೆಗೋಲು ಮಾತ್ರ ನಮ್ಮ ಮನೆಯದು. ಕಾವ್ಯದ ಜೀವ ಔಚಿತ್ಯ ಎಂದು ಹನ್ನೊಂದನೆಯ ಶತಮಾನದಲ್ಲಿ ಸಾರಿದವನು ಕಾಶ್ಮೀರದ ಕ್ಷೇಮೇಂದ್ರ. ಅದೇ ಕಾಶ್ಮೀರದಿಂದ ಹೊರಟ ಬಿಲ್ಹಣ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಸೇರಿ ‘ವಿಕ್ರಮಾಂಕದೇವಚರಿತ’ವನ್ನು ಬರೆದದ್ದು ಈ ಕಲ್ಯಾಣದಲ್ಲಿ. ಆದ್ದರಿಂದ ಔಚಿತ್ಯದ ಮಾತನ್ನು ಇಲ್ಲಿ ಆಡಲು ನಮಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಮೊದಲು ಗುಣವನ್ನು ಹೇಳೋಣ. ಸುಮಾರು 170 ಎಕರೆ ನೆಲ, ಏಳು ಸಣ್ಣ ಮರಳ ದಡಗಳು, 166 ಕೊಠಡಿಗಳು. ಇಷ್ಟು ಕೊಠಡಿಗಳನ್ನು ಒಂದೇ ಕಟ್ಟಡದಲ್ಲಿ ಅಟ್ಟದ ಮೇಲೆ ಅಟ್ಟ ಪೇರಿಸಿ ಕಟ್ಟಿದ್ದರೆ ಖರ್ಚೂ ಕಡಿಮೆಯಾಗುತ್ತಿತ್ತು, ದೂರದ ಹಡಗಿಗೂ ಕಾಣುತ್ತಿತ್ತು. ಇಲ್ಲಿ ಹಾಗೆ ಮಾಡಲಿಲ್ಲ. ತಗ್ಗಾದ ಮನೆಗಳನ್ನು ಮರಗಳ ಎತ್ತರ ಮೀರದಂತೆ ದಡದುದ್ದಕ್ಕೂ ಚದುರಿಸಿದರು. ಆ ಸಮುದ್ರದಲ್ಲಿ ವರ್ಷದ ಬಹುಕಾಲ ಮೂಡಣದಿಂದ ವಾಣಿಜ್ಯ ಮಾರುತ ಬೀಸುತ್ತದೆ. ಗೋಡೆಯ ಬದಲು ಪಟ್ಟಿಪಟ್ಟಿಯ ಜಾಲರಿ ಬಾಗಿಲುಗಳನ್ನಿಟ್ಟು ಗಾಳಿಯನ್ನು ಒಳಗೆ ಕರೆದು, ಬಿಸಿಲನ್ನು ಹೊರಗೇ ನಿಲ್ಲಿಸಿದರು. ದಶಕಗಳ ಕಾಲ ಕೊಠಡಿಗಳಲ್ಲಿ ಟೆಲಿಫೋನು ಇರಲಿಲ್ಲ, ಟೆಲಿವಿಷನ್ನು ಇರಲಿಲ್ಲ. ಭೋಗಕ್ಕೆಂದು ಬಂದ ಧನಿಕನಿಗೆ ‘ಇಲ್ಲ’ ಎಂಬುದನ್ನೇ ಭೋಗವಾಗಿ ಬಡಿಸಿದ ಆ ಧೈರ್ಯವನ್ನು ಮೆಚ್ಚಬೇಕು. ಅಲಂಕಾರವನ್ನು ಕೈಬಿಟ್ಟು ಧ್ವನಿಯನ್ನೇ ನಂಬಿದ ಕವಿಯ ಸಂಯಮ ಅದು.

ತನ್ನನ್ನು ತಾನು ಮರೆಸಿಕೊಳ್ಳುವ ಈ ಕಲೆ ನಮ್ಮವರಿಗೆ ಹೊಸದೇನಲ್ಲ. ಚಾಲುಕ್ಯರು ಕಟ್ಟಿ, ಮುಂದೆ ಬಹಮನಿ ಸುಲ್ತಾನರು ಬಲಪಡಿಸಿದ ಕಲ್ಯಾಣದ ಕೋಟೆಯನ್ನು ನೋಡಿದವರು ಇದನ್ನು ಬಲ್ಲರು. ಸುತ್ತಲ ದಿಣ್ಣೆ ಬಂಡೆಗಳ ನಡುವೆ ಅದರ ಹೊರಗೋಡೆ ಹುದುಗಿಕೊಂಡಿದೆ. ದೂರದಿಂದ ಬರುವವನಿಗೆ ನೆಲದ್ದೇ ಒಂದು ಏರಿಳಿತದಂತೆ ತೋರುತ್ತದೆ. ಶತ್ರುವಿನ ಕಣ್ಣು ತಪ್ಪಿಸಲು ಕಟ್ಟಿದ ಆ ಮರೆಗೂ ಕನೀಲ್ ಕೊಲ್ಲಿಯ ಮರೆಗೂ ವಿನ್ಯಾಸದ ಸೂತ್ರ ಒಂದೇ: ನೆಲ ಹೇಗಿದೆಯೋ ಹಾಗೆ ಕಟ್ಟು. ಆದರೆ ಕೋಟೆ ಯಾರ ಕಣ್ಣಿಗೆ ಮರೆಯಾಗಬೇಕಿತ್ತೆಂಬುದು ಸ್ಪಷ್ಟ. ವಿಹಾರಧಾಮ ಯಾರಿಂದ ಮರೆಯಾಗಲು ಬಯಸಿತು? ಈ ಪ್ರಶ್ನೆಯನ್ನು ಕೇಳಿಕೊಂಡಾಗ ನನ್ನ ಮೆಚ್ಚುಗೆಗೆ ಮೊದಲ ತಡೆ ಬಂತು.

ಏಕೆಂದರೆ ಆ ಕೊಲ್ಲಿ ಹಿಂದೆ ಕಬ್ಬಿನ ತೋಟವಾಗಿತ್ತು. ತೋಟದಲ್ಲಿ ದುಡಿದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. 1733ರ ನವೆಂಬರ್ 23ರಂದು ಅವರು ದಂಗೆಯೆದ್ದರು. ಸೌದೆಯ ಹೊರೆಯಲ್ಲಿ ಕತ್ತಿಗಳನ್ನು ಅಡಗಿಸಿಕೊಂಡು ಕೋಟೆಯನ್ನು ಹೊಕ್ಕು, ತಿಂಗಳುಗಟ್ಟಲೆ ದ್ವೀಪದ ಬಹುಭಾಗವನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡರು. ಮಾರ್ಟಿನಿಕ್ ದ್ವೀಪದಿಂದ ಫ್ರೆಂಚ್ ಸೈನಿಕರು ಬಂದ ಮೇಲೆಯೇ, 1734ರಲ್ಲಿ, ದಂಗೆ ಅಡಗಿದ್ದು. ಆ ದಿನಗಳಲ್ಲಿ ತೋಟದ ಒಡೆಯರು ಒಟ್ಟುಗೂಡಿ ತಮ್ಮನ್ನು ಕಾಪಾಡಿಕೊಂಡ ಸ್ಥಳ ಇಂದಿನ ಈ ಕನೀಲ್ ಕೊಲ್ಲಿ. ಗುಲಾಮಗಿರಿ ಅಲ್ಲಿ ರದ್ದಾದದ್ದು 1848ರಲ್ಲಿ.

ಕಬ್ಬು ಅರೆದ ಗಾಣದ ಕಲ್ಲುಗೋಡೆಗಳು ವಿಹಾರಧಾಮದ ಆವರಣದಲ್ಲಿ ಉಳಿದುಕೊಂಡವು. ಅವನ್ನು ಕೆಡವದೆ ಉಳಿಸಿದರೆಂಬುದು ಒಳ್ಳೆಯದೇ. ಆದರೆ ಆ ಗಾಣದ ಪಾಳುಗೋಡೆಗಳ ಮೇಲೆಯೇ ಊಟದ ಮನೆಯನ್ನು ಏರ್ಪಡಿಸಿದರು. ಬೆನ್ನು ಬಾಗಿಸಿ ಕಬ್ಬು ಒಡ್ಡಿದವರ ಜಾಗದಲ್ಲಿ ಸಂಜೆಯ ದೀಪ, ಬಿಳಿಯ ಮೇಜುವಸ್ತ್ರ, ಕಡಲ ನೋಟ. ನಮ್ಮ ಲಾಕ್ಷಣಿಕರು ಇಂಥದಕ್ಕೆ ರಸಾಭಾಸ ಎಂದು ಹೆಸರಿಟ್ಟಿದ್ದಾರೆ: ಕರುಣಕ್ಕೆ ಸಲ್ಲಬೇಕಾದ ವಸ್ತುವನ್ನು ಶೃಂಗಾರಕ್ಕೆ ಉದ್ದೀಪನವಾಗಿ ಬಳಸುವುದು. ಕಟ್ಟಡದ ಬೇರೆಲ್ಲ ಭಾಗಗಳಲ್ಲಿ ಅಷ್ಟು ಸೂಕ್ಷ್ಮವಾಗಿದ್ದ ಕೈ ಇಲ್ಲಿ ಒರಟಾಯಿತು.

ಎರಡನೆಯ ದೋಷ ಬೇಲಿಯದು. ಆ ದ್ವೀಪಗಳಲ್ಲಿ 1971ರಲ್ಲಿ ಒಂದು ಕಾನೂನು ಬಂತು. ಕಡಲ ಅಂಚಿನ ಮರಳು ಸಾರ್ವಜನಿಕರದು, ಯಾರೂ ಅದನ್ನು ಮುಚ್ಚುವಂತಿಲ್ಲ ಎಂದು ಅದು ಹೇಳಿತು. ಕಾಗದದ ಮೇಲೆ ಮರಳು ಎಲ್ಲರದಾಯಿತು. ಆದರೆ ಮರಳಿಗೆ ಹೋಗುವ ದಾರಿ ಖಾಸಗಿ ನೆಲದ ಮೇಲೆ ಹಾದುಹೋಗುವಾಗ ಆ ಹಕ್ಕು ದೋಣಿಯುಳ್ಳವನಿಗೆ ಮಾತ್ರ ಉಳಿಯುತ್ತದೆ. ಕಡಲಿನ ಕಡೆ ತೆರೆದು ನೆಲದ ಕಡೆ ಮುಚ್ಚಿಕೊಳ್ಳುವುದು ಈ ಬಗೆಯ ಎಲ್ಲ ವಿಹಾರಧಾಮಗಳ ಮೂಲವಿನ್ಯಾಸ. ಛಾಯಾಚಿತ್ರಗಳಲ್ಲಿ ಅವು ಅಷ್ಟು ತೆರೆದಂತೆ ಕಾಣುವುದಕ್ಕೆ ಕಾರಣವೂ ಇದೇ: ಚಿತ್ರ ತೆಗೆಯುವವನು ಯಾವಾಗಲೂ ನೀರಿನ ಕಡೆಗೆ ಮುಖಮಾಡಿರುತ್ತಾನೆ, ಗೇಟು ಅವನ ಬೆನ್ನ ಹಿಂದೆ ಇರುತ್ತದೆ.

ರಾಕ್‌ಫೆಲರನಿಗೆ ಅನ್ಯಾಯವಾಗಬಾರದು. ಆತ ಭೂಮಿಯನ್ನು ಕೊಟ್ಟಿರದಿದ್ದರೆ ದ್ವೀಪದ ಅರ್ಧಕ್ಕೂ ಮಿಕ್ಕ ಭಾಗ ಕಾಡಾಗಿ ಉಳಿಯುತ್ತಿತ್ತೆಂದು ಹೇಳಲಾಗದು. 1983ರಲ್ಲಿ ಆತ ಈ ಕೊಲ್ಲಿಯ ನೆಲವನ್ನೂ ಉದ್ಯಾನಕ್ಕೇ ಬರೆದುಕೊಟ್ಟ. ನಲವತ್ತು ವರ್ಷ ವಿಹಾರಧಾಮ ನಡೆಯಲಿ, ಆಮೇಲೆ ಅದು ದೇಶದ್ದಾಗಲಿ ಎಂಬುದು ಕರಾರಿನ ಸಾರಾಂಶ. ಅವಧಿ ಮುಗಿಯುವ ಮೊದಲೇ ಪ್ರಕೃತಿ ತನ್ನ ಮಾತನ್ನು ಹೇಳಿತು. 2017ರ ಸೆಪ್ಟೆಂಬರಿನಲ್ಲಿ ಇರ್ಮಾ, ಅದರ ಬೆನ್ನಿಗೇ ಮರಿಯಾ, ಎರಡು ಚಂಡಮಾರುತಗಳು ಬಡಿದು ವಿಹಾರಧಾಮವನ್ನು ಹಾಳುಗೆಡವಿದವು. ಅದು ಬಾಗಿಲು ಮುಚ್ಚಿತು. ಒಡೆತನದ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. 2023ರ ಸೆಪ್ಟೆಂಬರ್ 30ಕ್ಕೆ ಕರಾರಿನ ಅವಧಿ ಮುಗಿಯಿತು. ಈ ನೆಲ ಇನ್ನು ಯಾರಿಗಾಗಿ ಎಂಬ ಚರ್ಚೆಯಲ್ಲಿ ದ್ವೀಪದ ಜನವೂ ದನಿ ಎತ್ತಿದರು. ನನಗೆ ಇದು ಆ ಕಟ್ಟಡದ ಅಂತ್ಯಕ್ಕಿಂತ ಅದರ ಉತ್ತಮ ವಿಮರ್ಶೆಯಾಗಿ ಕಾಣುತ್ತದೆ.

ಈಗ ನಮ್ಮ ಊರಿಗೆ ಬರೋಣ. ದಂಗೆಯ ನೆಲವೆಂದರೇನೆಂದು ಕಲ್ಯಾಣದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಕಾರಣದಿಂದ ಈ ನೆಲದಲ್ಲಿ ರಕ್ತ ಹರಿಯಿತು. ಶರಣರು ದಿಕ್ಕು ದಿಕ್ಕಿಗೆ ಚದುರಿದರು. ಅಂಥವರ ಹೆಸರು ಹೊತ್ತ ಗವಿಗಳು ಇಲ್ಲಿವೆ. ಅಕ್ಕ ನಾಗಮ್ಮನ ಗವಿಯೊಳಗೆ ಒಂದು ಗಳಿಗೆ ಕುಳಿತರೆ ಏಕಾಂತಕ್ಕೆ ಬೇಕಾದದ್ದು ಎಷ್ಟು ಕಡಿಮೆ ಎಂಬುದು ಅರಿವಾಗುತ್ತದೆ: ದಪ್ಪ ಬಂಡೆ, ಸ್ವಲ್ಪ ಕತ್ತಲು, ಬೇಸಿಗೆಯಲ್ಲೂ ಆರದ ತಂಪು. ಬಾಗಿಲಿಗೆ ಕಾವಲಿನವನಿಲ್ಲ. ನೀವು ಎದ್ದು ಬಂದ ಮೇಲೆ ಇನ್ನೊಬ್ಬರು ಒಳಗೆ ಹೋಗುತ್ತಾರೆ. ಅದರಿಂದ ನಿಮ್ಮ ಏಕಾಂತಕ್ಕೆ ಕುಂದೇನೂ ಬರುವುದಿಲ್ಲ.

ಹುಮನಾಬಾದಿನ ಹತ್ತಿರದ ಮಾಣಿಕನಗರವನ್ನೂ ನೋಡಿರಿ. ಮಾಣಿಕಪ್ರಭುಗಳು ನೆಲೆಸಿ, 1865ರಲ್ಲಿ ಸಮಾಧಿಸ್ಥರಾದದ್ದು ವಿರಜಾ, ಗುರುಗಂಗಾ ಎಂಬ ಎರಡು ತೊರೆಗಳು ಕೂಡುವ ಸ್ಥಳದಲ್ಲಿ. ಇದೂ ನೀರಿನ ದಡದ ವಾಸವೇ. ಅವರ ಸಂಪ್ರದಾಯದ ಹೆಸರು ಸಕಲಮತ. ಹೆಸರಿಗೆ ತಕ್ಕಂತೆ ಬಾಗಿಲು ಸಕಲರಿಗೂ ತೆರೆದಿದೆ. ದತ್ತ ಜಯಂತಿಯ ಜನಸಂದಣಿಯ ನಡುವೆಯೂ ಒಂದು ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕುಳಿತವನಿಗೆ ಅಲ್ಲಿ ತನ್ನ ಮೂಲೆ ಸಿಕ್ಕೇ ಸಿಗುತ್ತದೆ.

ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ನಿಂತಿದ್ದಾಳೆ. ಕೈಯಲ್ಲಿ ಲೇಖನಿ, ಆಕೆ ಬರೆಯುತ್ತಿರುವುದು ಚಾಲುಕ್ಯ ವಿಕ್ರಮಾದಿತ್ಯನ ಪ್ರಶಂಸೆ. ಒಂಬತ್ತು ಶತಮಾನಗಳಿಂದ ದನ ಕಾಯುವವರು, ನೀರಿಗೆ ಹೋಗುವವರು, ದೂರದಿಂದ ಬಂದ ಪಂಡಿತರು ಎಲ್ಲರೂ ಆಕೆಯನ್ನು ದಿಟ್ಟಿಸಿದ್ದಾರೆ. ಆಕೆ ತನ್ನ ಬರವಣಿಗೆಯಲ್ಲಿ ಮುಳುಗಿದ್ದಾಳೆ. ಏಕಾಂತವನ್ನು ಶಿಲ್ಪದಲ್ಲಿ ಇದಕ್ಕಿಂತ ಚೆನ್ನಾಗಿ ಕಡೆದುದನ್ನು ನಾನು ಕಂಡಿಲ್ಲ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ತ್ರಿಪುರಾಂತಕ ಕೆರೆಯ ಸುತ್ತಮುತ್ತ ನಾಳೆ ಯಾರಾದರೂ ತಂಗುವ ಮನೆ ಕಟ್ಟುವುದಾದರೆ ಕನೀಲ್ ಕೊಲ್ಲಿಯಿಂದ ಅವರು ಕಲಿಯತಕ್ಕದ್ದು ಅದರ ಸೂತ್ರವನ್ನು, ಅದರ ರೂಪವನ್ನಲ್ಲ. ಅಲ್ಲಿ ಗಾಳಿ ತಂಪಾಗಿ ಬೀಸುವುದರಿಂದ ಗೋಡೆ ತೆಳ್ಳಗಾಯಿತು. ನಮ್ಮ ವೈಶಾಖದ ಗಾಳಿ ಬೆಂಕಿಯ ಗಾಳಿ. ಇಲ್ಲಿ ಅದೇ ನ್ಯಾಯದಿಂದ ಗೋಡೆ ದಪ್ಪವಾಗಬೇಕು, ಕಿಟಕಿ ಚಿಕ್ಕದಾಗಬೇಕು. ಬೀದರದ ಕೆಂಪು ಕಲ್ಲು ಇದೆ, ಮಾಳಿಗೆ ಮನೆಯ ಬೆಳಕಿಂಡಿ ಇದೆ, ನಡುವಿನ ಅಂಗಳ ಇದೆ, ಬೇವಿನ ನೆರಳಿದೆ. ತೆಂಗಿನ ಗರಿಯ ಸುಳ್ಳು ಗುಡಿಸಲು, ಬಿಸಿಲನ್ನು ಒಳಗೆ ಎಳೆಯುವ ಗಾಜಿನ ಮುಖ ನಮಗೆ ಬೇಡ. ಮನೆ ಬೇವಿನ ಮರಕ್ಕಿಂತ ಎತ್ತರವಾಗದಿರಲಿ.

ಬೇಲಿಯ ವಿಷಯದಲ್ಲಂತೂ ನಾವು ಕಲಿಯಬೇಕಾದದ್ದು ನಮ್ಮವರಿಂದಲೇ. ಅತಿಥಿಯ ಕೋಣೆ ಒಳಗಿನ ಅಂಗಳಕ್ಕೆ ಮುಖಮಾಡಲಿ; ಅವನ ಏಕಾಂತಕ್ಕೆ ಅಷ್ಟು ಸಾಕು. ಬೀದಿಯ ಕಡೆಗೆ ಕಟ್ಟೆ ಇರಲಿ, ದಾರಿಹೋಕನೂ ಕುಳಿತು ದಣಿವಾರಿಸಿಕೊಳ್ಳಲಿ. ಕೆರೆಯ ಏರಿಯ ಮೇಲಿನ ದಾರಿ ಇಂದು ಯಾರಿಗೆಲ್ಲ ತೆರೆದಿದೆಯೋ ಅವರಿಗೆಲ್ಲ ಹಾಗೆಯೇ ತೆರೆದಿರಲಿ. ಶರಣರ ಗವಿಯನ್ನು ಊಟದ ಮೇಜಿನ ಹಿನ್ನೆಲೆಯ ಚಿತ್ರವನ್ನಾಗಿ ಮಾಡುವ ಬುದ್ಧಿ ಯಾರಿಗೂ ಬಾರದಿರಲಿ.

ಸೋಲಾಪುರ–ಹೈದರಾಬಾದ ಹೆದ್ದಾರಿಯಿಂದ ಬಸವಕಲ್ಯಾಣದ ಕಡೆಗೆ ತಿರುಗುವ ಕೂಡುರಸ್ತೆಗೆ ಜನ ಸಸ್ತಾಪುರ ಬಂಗ್ಲಾ ಎನ್ನುತ್ತಾರೆ. ಒಂದು ಬಂಗಲೆಯ ಹೆಸರು ಊರವರ ಬಾಯಲ್ಲಿ ಹೀಗೆ ಬೆರೆತುಹೋಗಿದೆ. ಬಸ್ಸಿನವನೂ ಅದನ್ನೇ ಕೂಗುತ್ತಾನೆ, ಚಹಾದ ಅಂಗಡಿಯವನೂ ಅದನ್ನೇ ಹೇಳುತ್ತಾನೆ. ನಾಳೆ ಕಟ್ಟುವ ಮನೆಯನ್ನೂ ಜನ ತಮ್ಮದೆಂದು ಹೀಗೆ ಕರೆಯುವಂತಾದರೆ, ಅದನ್ನು ಕಟ್ಟಿದವನಿಗೆ ಬೇರೆ ವಿಮರ್ಶಕನ ಮೆಚ್ಚುಗೆ ಬೇಕಾಗಲಾರದು.