ಮನೆಯ ಮನರಂಜನೆಯಲ್ಲಿ ಧ್ವನಿಸಹಾಯಕ: ಅನುಭವಮಾಪನದ ವಿಮರ್ಶೆ

ದೂರದರ್ಶನದ ಪೆಟ್ಟಿಗೆಯೊಡನೆ ಬಾಯಿಮಾತಿನಿಂದ ವ್ಯವಹರಿಸುವ ಸಾಧನಗಳು ಮನೆಗಳನ್ನು ಹೊಕ್ಕು ಹತ್ತು ವರ್ಷಗಳ ಮೇಲಾಯಿತು. ಅಮೆಜಾನ್ ಸಂಸ್ಥೆ 2014ರಲ್ಲಿ ಫೈರ್ ಟಿ.ವಿ.ಯ ರಿಮೋಟಿನಲ್ಲಿಯೂ, ಆಪಲ್ ಸಂಸ್ಥೆ 2015ರಲ್ಲಿ ತನ್ನ ಟಿ.ವಿ. ಸಾಧನದ ರಿಮೋಟಿನಲ್ಲಿಯೂ ಮೈಕನ್ನು ಅಳವಡಿಸಿದುವು. ಇವನ್ನು ಬಳಸುವವರ ಅನುಭವವನ್ನು ಅಂಕಿಗಳಲ್ಲಿ ಹೇಳುವ ಪ್ರಯತ್ನಗಳೂ ಜೊತೆಜೊತೆಗೇ ಬೆಳೆದಿವೆ. ಆ ಅಂಕಿಗಳು ದಿಟವಾಗಿ ಏನನ್ನು ಅಳೆಯುತ್ತವೆ ಎಂಬುದು ಪ್ರಕೃತ ಲೇಖನದ ವಿಚಾರ.

ಹೆಚ್ಚು ಪ್ರಚಾರದಲ್ಲಿರುವ ಅಳತೆಗೋಲೆಂದರೆ ಜಾನ್ ಬ್ರೂಕ್ ಅವರು 1986ರಲ್ಲಿ ರೂಪಿಸಿ 1996ರಲ್ಲಿ ಪ್ರಕಟಿಸಿದ ‘ಸಿಸ್ಟಮ್ ಯೂಸಬಿಲಿಟಿ ಸ್ಕೇಲ್’. ಇದರಲ್ಲಿ ಹತ್ತು ಹೇಳಿಕೆಗಳಿವೆ. ಒಂದೊಂದಕ್ಕೂ ತನ್ನ ಒಪ್ಪಿಗೆ ಎಷ್ಟೆಂಬುದನ್ನು ಬಳಕೆದಾರನು 1ರಿಂದ 5ರವರೆಗಿನ ಅಂಕದಲ್ಲಿ ಸೂಚಿಸಬೇಕು. ಬೆಸಸಂಖ್ಯೆಯ ಹೇಳಿಕೆಗಳ ಅಂಕದಿಂದ ಒಂದನ್ನು ಕಳೆದು, ಸಮಸಂಖ್ಯೆಯ ಹೇಳಿಕೆಗಳ ಅಂಕವನ್ನು ಐದರಿಂದ ಕಳೆದು, ಒಟ್ಟು ಮೊತ್ತವನ್ನು 2.5ರಿಂದ ಗುಣಿಸಿದರೆ 0ಯಿಂದ 100ರೊಳಗಿನ ಫಲ ದೊರೆಯುತ್ತದೆ. ಇದನ್ನು ಶೇಕಡಾವಾರು ಎಂದು ಓದುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿಯೂ ಕಂಡುಬರುತ್ತದೆ, ಅದು ಸರಿಯಲ್ಲ. ಯಾವ ಅಭಿಪ್ರಾಯವೂ ಇಲ್ಲದೆ ಹತ್ತಕ್ಕೂ 3 ಎಂದು ಗುರುತು ಹಾಕಿದವನ ಫಲವೂ 50 ಆಗುತ್ತದೆ. ಬ್ರೂಕ್ ಅವರಾದರೋ ಇದನ್ನು ಅವಸರಕ್ಕೊದಗುವ ಒರಟು ಅಳತೆಯೆಂದೇ ಶಿರೋನಾಮೆಯಲ್ಲಿ ಹೇಳಿಕೊಂಡಿದ್ದರು. ಆ ವಿನಯ ಅನಂತರದ ಬಳಕೆಯಲ್ಲಿ ಮರೆಯಾಯಿತು.

ಸಾಧನದ ವಿವಿಧ ಕಾರ್ಯಗಳು ಚೆನ್ನಾಗಿ ಹೊಂದಿಕೊಂಡಿವೆಯೆ ಎಂಬ ಆಶಯದ ಹೇಳಿಕೆಯೊಂದು ಈ ಹತ್ತರಲ್ಲಿ ಇದೆ. ತೆರೆಯ ಮೇಲೆ ಪಟ್ಟಿ, ಗುಂಡಿಗಳು ಕಾಣುವಾಗ ಇದಕ್ಕೆ ಅರ್ಥವುಂಟು. ಧ್ವನಿಸಹಾಯಕನಲ್ಲಿ ಕಾಣುವುದೇನು? ಏನನ್ನು ಕೇಳಬಹುದು, ಯಾವ ಮಾತಿನಲ್ಲಿ ಕೇಳಬೇಕು ಎಂಬುದೇ ಬಳಕೆದಾರನಿಗೆ ಮರೆಯಾಗಿರುತ್ತದೆ. ಈ ಕೊರತೆಯನ್ನು ಮನಗಂಡು ಕೇಟ್ ಹೋನ್ ಮತ್ತು ರಾಬರ್ಟ್ ಗ್ರಹಾಂ ಅವರು 2000ದಲ್ಲಿ ಮಾತಿನ ಸಾಧನಗಳಿಗೆಂದೇ ‘ಸಾಸಿ’ ಎಂಬ 34 ಹೇಳಿಕೆಗಳ ಪ್ರಶ್ನಾವಳಿಯನ್ನು ಮುಂದಿಟ್ಟರು. ಅದರ ಆರು ಅಂಶಗಳಲ್ಲಿ ಬೆಲೆಯುಳ್ಳದ್ದು, ನನ್ನ ಎಣಿಕೆಯಲ್ಲಿ, ಬಳಕೆದಾರನ ಕಲ್ಪನೆಗೂ ಯಂತ್ರದ ನಿಜವಾದ ನಡವಳಿಕೆಗೂ ಇರುವ ಹೊಂದಾಣಿಕೆಯನ್ನು ಕೇಳುವ ಅಂಶ. ‘ಈಗ ಏನೆಂದು ಹೇಳಲಿ?’ ಎಂದು ತಡವರಿಸುವ ಗಳಿಗೆ ಅಲ್ಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಮಾರ್ಗ 1997ರಲ್ಲಿ ಮೆರಿಲಿನ್ ವಾಕರ್ ಮತ್ತು ಸಂಗಡಿಗರು ಸೂಚಿಸಿದ ‘ಪ್ಯಾರಡೈಸ್’ ಪದ್ಧತಿ. ಕಾರ್ಯ ಎಷ್ಟರಮಟ್ಟಿಗೆ ಸಿದ್ಧಿಸಿತು, ಅದಕ್ಕೆ ಎಷ್ಟು ಮಾತು, ಎಷ್ಟು ಕಾಲ ವೆಚ್ಚವಾಯಿತು ಎಂಬುದರಿಂದ ತೃಪ್ತಿಯನ್ನು ಊಹಿಸುವ ಕ್ರಮವಿದು. ರೈಲಿನ ವೇಳೆಯನ್ನು ಕೇಳುವವನಿಗೆ ಇದು ಸರಿಹೊಂದೀತು. ಆದರೆ ‘ರಾತ್ರಿ ನೋಡಲು ಏನಾದರೂ ಒಳ್ಳೆಯದು ಹಾಕು’ ಎಂಬುವನ ಕಾರ್ಯ ಸಿದ್ಧಿಸಿತೆಂದು ಯಾರು, ಯಾವಾಗ ನಿರ್ಣಯಿಸಬೇಕು? ರಸಾನುಭವಕ್ಕೆ ಒದಗುವ ಏಳು ವಿಘ್ನಗಳನ್ನು ಅಭಿನವಗುಪ್ತನು ಎಣಿಸಿದ್ದಾನೆ. ಚಿತ್ರದ ನಡುವೆ ಕರೆಯದೆಯೇ ಓಗೊಡುವ ಯಂತ್ರವನ್ನು ಆತನು ಕಂಡಿರಲಿಲ್ಲ. ಆದರೂ ಅಲ್ಲಿ ಆಗುವ ನಷ್ಟ ಸೆಕೆಂಡುಗಳದ್ದಲ್ಲ, ರಸದ್ದು ಎಂಬುದನ್ನು ಆತನ ಓದುಗರು ಬಲ್ಲರು.

ಇವೆಲ್ಲಕ್ಕೂ ಸಮಾನವಾದ ದೋಷವೊಂದಿದೆ. ಇವು ಒಬ್ಬನನ್ನು ಮಾತ್ರ ಕೇಳುತ್ತವೆ. ದೂರದರ್ಶನದ ಮುಂದೆ ಕುಳಿತಿರುವುದು ಮಾತ್ರ ಮನೆಮಂದಿಯೆಲ್ಲ. ಮಾರ್ಟಿನ್ ಪೋರ್ಚೆರಾನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಐದು ಮನೆಗಳಲ್ಲಿ ಒಂದೊಂದು ತಿಂಗಳ ಕಾಲ ಎಕೋ ಸಾಧನದ ಸುತ್ತಣ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡಿದ್ದರು. ಒಬ್ಬರ ಅಪ್ಪಣೆ ಫಲಿಸದಾಗ ಮತ್ತೊಬ್ಬರು ಮಾತನ್ನು ತಿದ್ದಿ ಹೇಳುವುದು, ಊಟದ ಮೇಜಿನ ಹರಟೆಯ ನಡುವೆಯೇ ಯಂತ್ರದ ಸರದಿಯೂ ಹೆಣೆದುಕೊಳ್ಳುವುದು ಅಲ್ಲಿ ಸ್ಪಷ್ಟವಾಗಿ ಕೇಳಿಬರುತ್ತದೆ. ಇದು ಅಳತೆಯಲ್ಲ, ವರ್ಣನೆ ಎಂದು ಆಕ್ಷೇಪಿಸಬಹುದು. ಹೌದು, ಆದರೆ ಅಳೆಯಬೇಕಾದ ವಸ್ತು ಯಾವುದೆಂದು ತೋರಿಸಿಕೊಟ್ಟದ್ದು ಈ ವರ್ಣನೆಯೇ.

ಸರಾಸರಿಯ ವಂಚನೆಯೂ ಇಲ್ಲಿಯೇ ಅಡಗಿದೆ. ಐದು ದೊಡ್ಡ ಸಂಸ್ಥೆಗಳ ಮಾತುಗ್ರಹಣ ಯಂತ್ರಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದ 2020ರ ಅಧ್ಯಯನವೊಂದರಲ್ಲಿ ಪದದೋಷದ ಸರಾಸರಿ ಪ್ರಮಾಣ ಬಿಳಿಯರ ಮಾತಿಗೆ 0.19, ಕರಿಯರ ಮಾತಿಗೆ 0.35 ಎಂದು ಕಂಡುಬಂದಿತು. ಮನೆಯೊಂದರಲ್ಲಿಯೂ ಹೀಗೆಯೇ ಕೆಲವರ ಮಾತು ಯಂತ್ರಕ್ಕೆ ಸುಲಭವಾಗಿ ತಿಳಿದೀತು, ಕೆಲವರದು ತಿಳಿಯದೆ ಹೋದೀತು. ತಿಳಿಯದೆ ಹೋದ ಅಜ್ಜಿ ಎರಡು ದಿನ ಯತ್ನಿಸಿ ಸುಮ್ಮನಾಗುತ್ತಾಳೆ. ಬಳಕೆದಾರಳಲ್ಲವಾದ್ದರಿಂದ ಪ್ರಶ್ನಾವಳಿ ಅವಳ ಕೈಸೇರುವುದಿಲ್ಲ. ಉಳಿದವರ ತೃಪ್ತಿಯ ಅಂಕ ಏರುತ್ತದೆ. ಸೋಲಿನಿಂದಲೇ ಅಂಕ ಹೆಚ್ಚುವ ಇಂತಹ ಅಳತೆಗೋಲನ್ನು ನೆಚ್ಚಿ ಪ್ರಬಂಧ ಬರೆಯುವ ವಿದ್ಯಾರ್ಥಿಯು, ಹೇಳಿಕೆಗಳ ಪಟ್ಟಿಯೊಡನೆ ಇನ್ನೊಂದು ಪಟ್ಟಿಯನ್ನೂ ಇಟ್ಟುಕೊಳ್ಳಬೇಕಾಗುತ್ತದೆ: ಮನೆಯಲ್ಲಿ ಯಾರು ಮಾತನಾಡಿದರು, ಎಷ್ಟು ಸಲ ತಿದ್ದಿ ಹೇಳಿದರು, ಯಾರು ಬೇಸತ್ತು ರಿಮೋಟಿನ ಗುಂಡಿಗೇ ಕೈಯಿಟ್ಟರು, ಯಾರು ಮೊದಲ ವಾರದ ಬಳಿಕ ಯಂತ್ರದೊಡನೆ ಮಾತನ್ನೇ ಆಡಲಿಲ್ಲ.