ತತ್ವಪದವೂ ಡ್ರಮ್ಸೂ

ಬೆಂಗಳೂರಿನ ರಾಕ್ ಸಂಗೀತ ಕನ್ನಡದಲ್ಲಿ ಹಾಡತೊಡಗಿದ್ದು ತಡವಾಗಿ. ಹಾಡತೊಡಗಿದಾಗ ಮೊದಲು ನಾಲಿಗೆಗೆ ಬಂದದ್ದು ತತ್ವಪದ. 1960 ಮತ್ತು 70ರ ದಶಕಗಳಲ್ಲಿ ಭಾರತದ ನಗರಗಳ ಬೀಟ್ ತಂಡಗಳು ಹಾಡುತ್ತಿದ್ದುದು ಇಂಗ್ಲಿಷಿನಲ್ಲೇ. ಸಿಗರೇಟ್ ಪ್ರಚಾರಕ್ಕೆಂದು ನಡೆಯುತ್ತಿದ್ದ ಸಿಮ್ಲಾ ಬೀಟ್ ಸ್ಪರ್ಧೆಗಳ ಆ ಕಾಲವನ್ನು ಸಿದ್ಧಾರ್ಥ್ ಭಾಟಿಯಾ ಅವರ ‘ಇಂಡಿಯಾ ಸೈಕೆಡೆಲಿಕ್’ (2014) ಲವಲವಿಕೆಯಿಂದ ಹೇಳುತ್ತದೆ. ಓದಿಸಿಕೊಂಡು ಹೋಗುವ ಪುಸ್ತಕ; ಆದರೆ ಅದರ ಲೋಕ ನಗರದ ಗಡಿ ದಾಟುವುದು ಕಡಿಮೆ, ಏಕೆಂದರೆ ಆ ಸಂಗೀತವೂ ದಾಟಿರಲಿಲ್ಲ.

ಗಡಿ ದಾಟಿಸಿದ್ದು ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ತಂಡ. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಸೂಕ್ಷ್ಮಜೀವಶಾಸ್ತ್ರ ಓದಿದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ವಿಶಾಲ್–ಶೇಖರ್ ಜೋಡಿಯ ಬೆಂಬಲದಿಂದ ಹೊರಬಂತು. ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಅದರಲ್ಲಿವೆ. ಉಳಿದುಕೊಂಡವು ಮುಖ್ಯವಾಗಿ ತತ್ವಪದಕಾರ ಶಿಶುನಾಳ ಶರೀಫರ ಎರಡು ಪದಗಳು: ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’.

ಶರೀಫರ ಪದ ರಾಕ್‌ಗೆ ಒಗ್ಗಿದ್ದು ಆಕಸ್ಮಿಕವಲ್ಲ. ಇಂಥ ಪದಗಳನ್ನು ಹಾಡುವ ಭಜನೆಯಲ್ಲಿ ಮುಂದಾಳು ಒಂದು ಸಾಲು ಎತ್ತುತ್ತಾನೆ, ಮೇಳ ಅದನ್ನೇ ಹಿಂದೆ ಹಾಡುತ್ತದೆ. ಪ್ರತಿ ನುಡಿಯೂ ಪಲ್ಲವಿಗೆ ಮರಳುತ್ತದೆ. ಕೊನೆಕೊನೆಗೆ ತಾಳ ಚುರುಕಾಗುತ್ತದೆ. ಗಿಟಾರಿನ ರಿಫ್, ಕೇಳುಗರ ಕೂಗು, ಕೊನೆಯ ಏರುಗತಿ ಇವೆಲ್ಲಕ್ಕೂ ಅಲ್ಲಿ ಮೊದಲೇ ಜಾಗವಿದೆ. ‘ಗುಡುಗುಡಿಯ’ ಹಾಡಿನ ಗೆಲುವು ಇದೇ. ಸೋಲೂ ಅಲ್ಲಿಯೇ. ಹುಕ್ಕಾದ ನೆಪದಲ್ಲಿ ಒಡಲೊಳಗಿನ ರೋಗ ಕಳೆಯುವ ಮಾತಾಡುವ ಪದ ವೇದಿಕೆಯ ಹುರುಪಿನಲ್ಲಿ ಬರೀ ಹುಕ್ಕಾದ ಹಾಡಾಗಿಬಿಡುತ್ತದೆ. ಕುಣಿಯುವವರಿಗೆ ಎರಡನೆಯ ಅರ್ಥ ಹುಡುಕುವ ಪುರುಸೊತ್ತಿಲ್ಲ.

‘ಸೋರುತಿಹುದು’ ಹೆಚ್ಚು ಗಟ್ಟಿಯಾದ ಕೆಲಸ. ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ (1990) ಚಿತ್ರದಲ್ಲೂ ಭಾವಗೀತೆಯ ವೇದಿಕೆಗಳಲ್ಲೂ ಸಿ. ಅಶ್ವಥ್ ಶರೀಫರ ಪದಗಳಿಗೆ ಎಂಥ ಮುದ್ರೆ ಒತ್ತಿದ್ದರೆಂದರೆ, ಆ ಧಾಟಿ ಬಿಟ್ಟು ಹಾಡುವುದೇ ಧೈರ್ಯ. ದೀಕ್ಷಿತರು ಇಲ್ಲಿ ಅವಸರ ಮಾಡಲಿಲ್ಲ. ಹದಗೆಟ್ಟ ಮಾಳಿಗೆಯನ್ನು ದುರಸ್ತಿ ಮಾಡಲಾರದವನ ಕಂಗಾಲುತನ ದನಿಯಲ್ಲಿ ಉಳಿದಿದೆ. 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ಗೆ ಮುಟ್ಟುವ ಹೊತ್ತಿಗೆ ಧ್ವನಿಮುದ್ರಣ ಇನ್ನೂ ನಯವಾಗಿತ್ತು, ಆತಂಕ ಕಡಿಮೆಯಾಗಿತ್ತು. ನಡುವೆ 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆ ತಂಡಕ್ಕೆ ಹೊಸಬರ ಪ್ರಶಸ್ತಿ ಕೊಟ್ಟಿತ್ತು. ಮೆಚ್ಚುಗೆಗೆ ಒರಟುತನ ಸವೆಯುವುದು ಹಲವು ತಂಡಗಳ ಕಥೆ.

ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ ಬೇರೆ ದಾರಿ ಹಿಡಿಯಿತು. ‘ಸ್ವರಾತ್ಮ’ (2009), ‘ಟೋಪಿವಾಲೆ’ (2012) ಆಲ್ಬಂಗಳಲ್ಲಿ ಪದಗಳಿಗಿಂತ ಸ್ವಂತ ಹಾಡುಗಳೇ ಹೆಚ್ಚು, ಅದರಲ್ಲೂ ಹಿಂದಿ. ವಾದ್ಯಗಾರಿಕೆಯಲ್ಲಿ, ಪಿಟೀಲು–ಡ್ರಮ್ಸ್‌ಗಳ ಮಾತುಕತೆಯಲ್ಲಿ ಇವರದೇ ಮೇಲುಗೈ. ‘ಟೋಪಿವಾಲೆ’ಯ ರಾಜಕೀಯ ಲೇವಡಿಯೂ ಚುರುಕು. ಕನ್ನಡದ ‘ಈ ಭೂಮಿ’ ಇಂಪಾಗಿದ್ದರೂ ಸಾಹಿತ್ಯ ಶರೀಫರ ಪಕ್ಕಕ್ಕೆ ಇಟ್ಟರೆ ತೆಳು. ಅದು ಅನ್ಯಾಯದ ಹೋಲಿಕೆ, ಆದರೆ ಕೇಳುಗ ಅದನ್ನೇ ಮಾಡುತ್ತಾನೆ. 1998ರಲ್ಲಿ ಹುಟ್ಟಿದ ಬೆಂಗಳೂರಿನ ಮೆಟಲ್ ತಂಡ ಕ್ರಿಪ್ಟೋಸ್‌ಗೆ ಈ ಇಕ್ಕಟ್ಟಿಲ್ಲ. ಅದು ಇಂಗ್ಲಿಷಿನಲ್ಲಿ ಹಾಡುತ್ತದೆ, ನೆಲದ ಸೊಗಡು ತೋರಿಸಬೇಕೆಂಬ ಹಟ ಹಿಡಿದಿಲ್ಲ. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದವರೆಗೆ ಹೋಯಿತು.

ಈ ಆಲ್ಬಂಗಳಿಗೆ ಬಾರದ ತತ್ವಪದಗಳ ಒಂದು ದೊಡ್ಡ ಭಂಡಾರ ಬೆಂಗಳೂರಿಗೆ ತೀರಾ ಹತ್ತಿರದಲ್ಲಿದೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ಯತೀಂದ್ರರು, ಜನರ ಬಾಯಲ್ಲಿ ಕೈವಾರ ತಾತಯ್ಯ, ತೆಲುಗು ಮತ್ತು ಕನ್ನಡ ಎರಡರಲ್ಲೂ ಪದ ಕಟ್ಟಿದವರು. ಗುರುಪೂರ್ಣಿಮೆಗೆ ಅಲ್ಲಿ 72 ಗಂಟೆಗಳ ಅಖಂಡ ಸಂಗೀತೋತ್ಸವ ನಡೆಯುತ್ತದೆ. ಶಾಸ್ತ್ರೀಯ ಗಾಯಕರೂ ಹಳ್ಳಿಯ ಭಜನೆ ಮೇಳಗಳೂ ಒಂದೇ ವೇದಿಕೆ ಏರುತ್ತಾರೆ. ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಎರಡು ಕಿವಿಯ ಕೇಳುಗರು ಹೇರಳ. ಹಿಂದಿ–ಕನ್ನಡ ಒಂದೇ ಆಲ್ಬಮಿನಲ್ಲಿ ಬೆರೆಸುವ ತಂಡಗಳಿಗೆ ತೆಲುಗು–ಕನ್ನಡ ತೊಡಕಾಗಬೇಕಿರಲಿಲ್ಲ.

ತೊಡಕು ಇರುವುದು ಹಾಡಿನ ರಚನೆಯಲ್ಲಿ. ಶರೀಫರ ಪದಗಳಿಗೆ ಮಾಳಿಗೆ, ಗುಡುಗುಡಿಯಂಥ ಕಣ್ಣಿಗೆ ಕಾಣುವ ವಸ್ತುವಿನ ಆಸರೆ ಇದೆ. ಪರಿಚಯವಿಲ್ಲದ ಕೇಳುಗನೂ ಅದನ್ನು ಹಿಡಿದುಕೊಳ್ಳಬಲ್ಲ. ತಾತಯ್ಯನವರ ಎಷ್ಟೋ ಪದಗಳು ನೇರವಾಗಿ ಗುರು, ಯೋಗ, ದೇಹತತ್ವದ ಪರಿಭಾಷೆಗೆ ಇಳಿಯುತ್ತವೆ. ಅಲ್ಲಿ ಡ್ರಮ್ಸ್ ಮುಂದೆ ನುಗ್ಗಿದರೆ ಮಾತು ಕಳೆದುಹೋಗುತ್ತದೆ. ತಂಬೂರಿಯ ಒಂದೇ ಶ್ರುತಿಯ ಮೇಲೆ ಬಾಸ್ ಗಿಟಾರ್ ನಿಂತು, ತಾಳದ ಜಾಗವನ್ನು ಮಾತ್ರ ಡ್ರಮ್ಸ್ ತುಂಬಿ, ‘ಅಮರನಾರೇಯಣ’ ಅಂಕಿತ ಬರುವ ಕೊನೆಯ ನುಡಿಯವರೆಗೆ ಏರುಗತಿಯನ್ನು ತಡೆಹಿಡಿಯಬಲ್ಲ ತಂಡಕ್ಕೆ ಮಾತ್ರ ಅವು ದಕ್ಕುತ್ತವೆ.